ಮೋಟಾರಿಗೆ ಬಿದ್ದ ಎಣ್ಣೆ

"ತಿರುಗ್ತಾನೇ ಇಲ್ವಲ್ಲ ಇದು," ಎಂದ ಅಪ್ಪ, ಎಷ್ಟನೇ ಸಲವೋ ಸ್ವಿಚ್ ಒತ್ತಿ.

ಮೇಜಿನ ಮೇಲಿದ್ದ ಮೋಟಾರು ಒಂದು ಬಿಸ್ಕತ್ತಿನಷ್ಟೇ ಇತ್ತು. ಕೆಳಗೊಂದು ಲೋಹದ ಉಂಗುರ, ಅದರ ಮೇಲೆ ಒತ್ತಿ ಕೂತ ಒಂದು ಬಿಲ್ಲೆ. ನಿನ್ನೆ ಮಧ್ಯಾಹ್ನದ ತನಕ ಆ ಬಿಲ್ಲೆ ಸದ್ದೇ ಇಲ್ಲದೆ ತಿರುಗುತ್ತಿತ್ತು. ಇವತ್ತು ಮುನಿಸಿಕೊಂಡ ಮಗುವಿನ ಹಾಗೆ ಕೂತಲ್ಲೇ ಕೂತಿತ್ತು.

ಶನಿವಾರ, ಸ್ಕೂಲು ಅರ್ಧ ದಿನ. ಫುಮಿ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಅನ್ನದ ಉಂಡೆ ಕಚ್ಚುತ್ತಿದ್ದಳು.

ನಾಲ್ಕು ಗಂಟೆಗೆ ಟೋಕಿಯೋದಿಂದ ಕ್ಯಾಮೆರಾ ಕಂಪನಿಯ ತಾಕೆಗಾಮಿಯವರು ಬರುವವರಿದ್ದರು. ಮೋಟಾರು ಅವರಿಗೆ ಹಿಡಿಸಿದರೆ ಫೋಕಸ್ ತಿರುಗಿಸಲು ಕ್ಯಾಮೆರಾದ ಲೆನ್ಸಿನೊಳಗೆ ಸೇರುತ್ತದೆ. ಹಿಡಿಸದಿದ್ದರೆ ಮೂರು ವರ್ಷದ ಕೆಲಸ ಕಟ್ಟಿಟ್ಟು, ಅಪ್ಪ ಮತ್ತೆ ತಾತನ ಜೊತೆ ಗಡಿಯಾರದ ಸ್ಕ್ರೂ ಮಾಡಿಕೊಂಡು ಕೂರಬೇಕು. ಹಾಗಂತ ಅವನೇ ತಾತನಿಗೆ ಮಾತು ಕೊಟ್ಟಿದ್ದ.

"ತಂತಿ ಸುತ್ತಿಲ್ಲ, ಅಯಸ್ಕಾಂತ ಇಲ್ಲ. ಅದೆಂಥ ಮೋಟಾರೋ!" ಸ್ಕ್ರೂ ಕಡೆಯುವ ಲೇತಿನ ಹಿಂದಿನಿಂದ ತಾತ ಮೂಗು ಮುರಿದ. "ನಿನ್ನೆ ತಿರುಗಿದ್ದೇ ದೊಡ್ಡದು."

ಅಪ್ಪ ಒಂದೊಂದೇ ವೈರು ಎಳೆದು ನೋಡುತ್ತಿದ್ದ.

"ಹೌದಲ್ವಾ ಅಪ್ಪಾ, ಮತ್ತೆ ಅದು ತಿರುಗೋದು ಹೆಂಗೆ?" ಎಂದಳು ಫುಮಿ.

"ಉಂಗುರದ ಅಡಿಗೆ ಪಿಂಗಾಣಿ ಬಳೆ ಅಂಟಿಸಿದೀನಿ. ಊಟದ ಬಟ್ಟಲಿನ ಪಿಂಗಾಣಿ ಅಲ್ಲ, ಇದು ಬೇರೆ ಜಾತಿ. ಕರೆಂಟ್ ಕೊಟ್ರೆ ಹಿಗ್ಗುತ್ತೆ, ಕುಗ್ಗುತ್ತೆ. ಸೆಕೆಂಡಿಗೆ ಮೂವತ್ತು ಸಾವಿರ ಸಲ."

"ಸುಳ್ಳು. ಅಲುಗಿದ್ದು ಕಾಣೋದೇ ಇಲ್ಲ."

"ಅಲುಗೋದು ಕೂದಲಿನ ದಪ್ಪದಲ್ಲಿ ನೂರನೇ ಒಂದು ಪಾಲೂ ಇಲ್ಲ, ಇನ್ನು ಕಾಣೋದೆಲ್ಲಿಂದ ಬಂತು? ಆದ್ರೆ ಅಷ್ಟಕ್ಕೇ ಉಂಗುರದ ಮೇಲೆ ಪುಟ್ಟ ಪುಟ್ಟ ಅಲೆ ಏಳುತ್ತೆ. ಪ್ರತಿ ಅಲೆನೂ ಬಿಲ್ಲೇನ ಒಂಚೂರು ಮುಂದಕ್ಕೆ ಒದೆಯುತ್ತೆ. ನಾವು ನಡೆಯುವಾಗ ನೆಲ ಒದೀತೀವಲ್ಲ, ಹಾಗೆ."

ಫುಮಿಗೆ ಬೆಳಿಗ್ಗೆ ಸ್ಕೂಲಲ್ಲಿ ಆದದ್ದು ನೆನಪಾಯಿತು. ಮಕ್ಕಳೆಲ್ಲ ಸೇರಿ ಕಾರಿಡಾರು ಒರೆಸಿ, ಮೇಣ ತಿಕ್ಕಿ ಫಳಫಳ ಮಾಡಿದ್ದರು. ಅವಳ ಗೆಳತಿ ಕಿನುಯೊ ಬರೀ ಕಾಲುಚೀಲದಲ್ಲಿ ಓಡಲು ಹೋದಳು. ಕಾಲು ಪಟಪಟ ಬಡಿದರೂ ಹುಡುಗಿ ಮಾತ್ರ ನಿಂತಲ್ಲೇ. ಕೊನೆಗೆ ದೊಪ್ಪನೆ ಕೂತಳು.

ಫುಮಿ ಕಚ್ಚುತ್ತಿದ್ದ ಅನ್ನದ ಉಂಡೆಯನ್ನು ಕೆಳಗಿಟ್ಟಳು.

ವರ್ಕ್‌ಶಾಪಿನಲ್ಲಿ ಪ್ರತಿ ಶುಕ್ರವಾರ ಸಂಜೆ ಯಂತ್ರಗಳಿಗೆಲ್ಲ ಎಣ್ಣೆ ಹಾಕುವುದು ಫುಮಿಯ ಕೆಲಸ. ತಿರುಗುವುದಕ್ಕೆಲ್ಲ ಒಂದೊಂದು ತೊಟ್ಟು, ಯಾವುದನ್ನೂ ಬಿಡಬಾರದು ಅಂತ ತಾತ ಕಲಿಸಿದ್ದ. ನಿನ್ನೆ ಸಂಜೆ ಅಪ್ಪ ಇರಲಿಲ್ಲ. ಮೂಲೆಯಲ್ಲಿದ್ದ ಈ ಪುಟ್ಟ ಮೋಟಾರನ್ನು ನೋಡಿ, ಪಾಪ, ಇದಕ್ಕೆ ಯಾರೂ ಹಾಕುವುದೇ ಇಲ್ಲವಲ್ಲ ಅನ್ನಿಸಿತ್ತು ಅವಳಿಗೆ.

ಈಗ ಹೇಳುವುದೋ ಬೇಡವೋ?

"ಪಿಂಗಾಣಿನೇ ಬಿರುಕು ಬಿಟ್ಟಿರಬೇಕು," ಎನ್ನುತ್ತಾ ಅಪ್ಪ ತೆಳ್ಳನೆಯ ಚಾಕು ಎತ್ತಿಕೊಂಡ. "ಕಿತ್ತು ನೋಡೋದೇ ಸರಿ."

"ಕಿತ್ರೆ ನಾಲ್ಕು ಗಂಟೆ ಒಳಗೆ ಅಂಟಿಸೋಕಾಗುತ್ತಾ?" ಎಂದ ತಾತ.

"ಆಗಲ್ಲ. ಇನ್ನೇನ್ ಮಾಡ್ಲಿ?"

"ಕೀಳ್ಬೇಡ ಅಪ್ಪಾ," ಎಂದಳು ಫುಮಿ. "ಕಾಲು ಜಾರ್ತಿದೆ ಅದಕ್ಕೆ. ನಿನ್ನೆ ನಾನು ಎಣ್ಣೆ ಹಾಕ್ದೆ."

ಲೇತು ನಿಂತಿತು. ಅಪ್ಪ ಬಿಲ್ಲೆ ಎತ್ತಿ ಅಡಿಯನ್ನು ಬೆರಳಿಂದ ಸವರಿ ನೋಡಿದ. ಬೆರಳು ಮಿರಮಿರ ಮಿಂಚಿತು.

"ಬೈಯೋದಿದ್ರೆ ನನ್ನ ಬೈ. ಕಲಿಸಿದ್ದು ನಾನು," ಎಂದ ತಾತ.

ಬೈಯಲು ಅಪ್ಪನಿಗೆ ಪುರುಸೊತ್ತು ಎಲ್ಲಿತ್ತು? ಬಟ್ಟೆಗೆ ಸ್ಪಿರಿಟ್ ಸುರಿದು ಬಿಲ್ಲೆ, ಉಂಗುರ ಎರಡನ್ನೂ ಒರೆಸಿ ಒರೆಸಿ ಇಟ್ಟ. ಸ್ವಿಚ್ ಒತ್ತಿದ. ಬಿಲ್ಲೆ ಒಮ್ಮೆ ತಡವರಿಸಿ, ಆಮೇಲೆ ಸದ್ದಿಲ್ಲದೆ ತಿರುಗತೊಡಗಿತು. ಅಪ್ಪ ಕುರ್ಚಿಯ ಮೇಲೆ ಕುಸಿದು ಕೂತ.

ತಾಕೆಗಾಮಿಯವರು ಸರಿಯಾಗಿ ನಾಲ್ಕಕ್ಕೆ ಬಂದರು. ತೆಳ್ಳಗೆ ಉದ್ದಕ್ಕಿದ್ದರು, ಮಾತು ಕಡಿಮೆ. ಮೋಟಾರಿಗೆ ಕಿವಿ ಹಚ್ಚಿ ಕೇಳಿದರು, ನಿಲ್ಲಿಸಿ ನೋಡಿದರು, ಹಿಂದಕ್ಕೆ ತಿರುಗಿಸಿ ನೋಡಿದರು. ಫುಮಿ ತಂದಿಟ್ಟ ಟೀ ಆರಿಹೋಯಿತು.

"ಲೆನ್ಸಿನೊಳಗೆ ಗ್ರೀಸ್ ಇರುತ್ತಲ್ಲ," ಎಂದರು ಕೊನೆಗೆ. "ಅದು ಇದಕ್ಕೆ ತಾಗಿದ್ರೆ?"

ಅಪ್ಪನ ಕಣ್ಣು ಫುಮಿಯ ಕಡೆ ಹೊರಳಿತು.

"ನಿಂತುಹೋಗುತ್ತೆ," ಎಂದಳು ಫುಮಿ. "ಸ್ಪಿರಿಟ್ ಹಾಕಿ ಒರೆಸಿದ್ರೆ ಮತ್ತೆ ತಿರುಗುತ್ತೆ."

"ನಿಂಗೆ ಹೇಗೆ ಗೊತ್ತಮ್ಮ?"

"ನಾನೇ ಎಣ್ಣೆ ಹಾಕಿದ್ದೆ. ಹಾಕಬಾರದು ಅಂತ ಗೊತ್ತಿರಲಿಲ್ಲ."

ಅವರು ನಗಲಿಲ್ಲ. ನೋಟ್‌ಬುಕ್ ತೆಗೆದು ಏನೋ ಬರೆದರು. "ಒಂದು ಸಲ ಸರಿ. ಹತ್ತು ಸಲ ಬಿದ್ರೆ?"

ಅಪ್ಪ ತಾತನ ಮುಖ ನೋಡಿದ, ತಾತ ಅಪ್ಪನ ಮುಖ ನೋಡಿದ.

"ನೋಡೇ ಬಿಡೋಣ," ಎಂದು ತಾಕೆಗಾಮಿಯವರು ಕೋಟು ಬಿಚ್ಚಿದರು.

ಫುಮಿ ಒಂದು ತೊಟ್ಟು ಹಾಕಿದಳು. ನಿಂತಿತು. ಅಪ್ಪ ಒರೆಸಿದ. ತಿರುಗಿತು. ಮತ್ತೊಂದು ತೊಟ್ಟು. ತಾತ ಲೇತು ಬಿಟ್ಟು ಬಂದು ಕನ್ನಡಕ ಏರಿಸಿಕೊಂಡ. ಆರನೇ ಸಲವೂ ತಿರುಗಿದಾಗ ತಾಕೆಗಾಮಿಯವರು, "ಸೋಮವಾರ ಎರಡು ಲೆನ್ಸ್ ಕಳಿಸ್ತೀನಿ, ಅದರೊಳಗೆ ಕೂರಿಸಿ ನೋಡಿ," ಎಂದರು. ಅಪ್ಪ ಸೊಂಟ ಬಗ್ಗಿಸಿ ವಂದಿಸಿದವನು ಎಷ್ಟೋ ಹೊತ್ತು ತಲೆ ಎತ್ತಲೇ ಇಲ್ಲ.

"ನಿಮ್ಮ ರೈಲಿಗೆ ಹೊತ್ತಾಯ್ತು," ಎಂದು ತಾತ ನೆನಪಿಸಿದ.

"ಹೋದ್ರೆ ಹೋಗ್ಲಿ ಬಿಡಿ. ಹಾಕಮ್ಮ, ಏಳನೇದು."

ಏಳನೇ ಸಲ ಒರೆಸಿದ ಮೇಲೆ ಬಿಲ್ಲೆ ತಕ್ಷಣ ಅಲುಗಲಿಲ್ಲ. ಫುಮಿ ಹೆದರಿ ಅಪ್ಪನನ್ನು ನೋಡಿದಳು. ಅಪ್ಪ ಹೆದರಿರಲಿಲ್ಲ. ಮೂಗು ಮೋಟಾರಿಗೆ ತಾಗುವಷ್ಟು ಬಗ್ಗಿ, ಕಣ್ಣರಳಿಸಿ ಕಾಯುತ್ತಿದ್ದ. ಮುಂದೇನಾಗುತ್ತದೋ ಅವನಿಗೂ ಗೊತ್ತಿರಲಿಲ್ಲ.

ಫುಮಿ ಅವನ ಪಕ್ಕಕ್ಕೆ ಸರಿದು ತಾನೂ ಬಗ್ಗಿದಳು.