ಹಲಗೆಗೆ ಹೇಳಿದ ತೂಕ

"ಎಂಬತ್ತು ಕಿಲೋ," ಎಂದ ಪಂಡರಿ, ನೀರಿನ ಕಡೆ ನೋಡುತ್ತಾ.

ಹಲಗೆಯ ಆರ್ಡರು ಬರೆಯಲು ಕಾಗದ, ಪೆನ್ನು ಹಿಡಿದಿದ್ದ ರಾಜೇಶ್ವರಿ ಅವನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ಅಳೆದಳು. ಅವನ ಕಿವಿ ಕೆಂಪಾಯಿತು.

ಬಸವಕಲ್ಯಾಣದ ಆಚೆಯ ಈ ಹಿನ್ನೀರಿನಲ್ಲಿ ಅವಳು ವಿಂಡ್‌ಸರ್ಫಿಂಗ್ ಕಲಿಸುತ್ತಿದ್ದಳು. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿ ಹಿಡಿದು ಸಾಗುವ ಆಟ ಅದು. ಕಲಿತದ್ದು ಕಾರವಾರದಲ್ಲಿ, ಹುಟ್ಟಿದ್ದು ಮಾತ್ರ ಕೊಡಂಬಲದ ಕುರಿ ಸಾಕುವ ಮನೆಯಲ್ಲಿ. ಮೋರಖಂಡಿಯ ಪಂಡರಿ ಏಳು ಐತವಾರ ಬಂದಿದ್ದ. ಏಳೂ ಸಲ ಹಲಗೆ ಅವನ ಕಾಲಡಿಯೇ ಮುಳುಗಿತ್ತು. ಮೀಸೆಯ ನೀರು ಒರೆಸಿಕೊಂಡು, ನಗುತ್ತಾ, "ಮತ್ತೊಮ್ಮೆ ನೋಡೂಣ್ರಿ" ಅನ್ನುತ್ತಿದ್ದ. ಆ ನಗು ಅವಳಿಗೆ ವಾರವಿಡೀ ನೆನಪಾಗುತ್ತಿತ್ತು, ಏನು ಮಾಡೋದು ಹೇಳಿ.

ಹೊಸ ಹಲಗೆ ಒಂದೇ ಒಂದು ತರಿಸಬಹುದಿತ್ತು, ಆರ್ಡರು ಇವತ್ತೇ ಹೋಗಬೇಕಿತ್ತು. ತಪ್ಪು ಹಲಗೆ ಬಂದರೆ ಇವನು ಮತ್ತೆ ಮುಳುಗುತ್ತಾನೆ. ಬೇಸತ್ತು ಬರೋದೇ ಬಿಟ್ಟರೆ?

"ಇಲ್ಲಿ ಗಾಳಿ ಭಾಳ ಸಣ್ಣದು," ಎಂದಳು. "ಭಾರ ಇದ್ದವರಿಗೆ ಹಲಗಿ ಅಗಲ ಬೇಕು, ದಪ್ಪ ಬೇಕು. ಹಾಯಿನೂ ದೊಡ್ಡದು. ತೂಕ ತಪ್ಪಿದ್ರ ಎಲ್ಲಾ ತಪ್ಪತದ. ಎಂಬತ್ತೇ ಇದ್ರ ಈಗಿನ ಹಲಗೀನೇ ನಿಮ್ಮನ್ನ ಎತ್ತಬೇಕಿತ್ತಲ್ರಿ?"

ಪಂಡರಿ ಕಾಲಿನಿಂದ ಮರಳು ಕೆದಕಿದ. "ನಮ್ಮ ಮನ್ಯಾಗ ಟಗರಿನ ತೂಕ ಹೇಳಬೇಕಾದ್ರ ಹೊಟ್ಟಿ, ಉಣ್ಣೆ ಎಲ್ಲಾ ಕಳದು ಹೇಳ್ತಾರ್ರಿ. ನಾನೂ ಹಂಗೇ ಕಳದೆ."

ರಾಜೇಶ್ವರಿಗೆ ನಗು ತಡೆಯಲಾಗಲಿಲ್ಲ. ಅವಳ ಅಪ್ಪನ ಲೆಕ್ಕವೂ ಇದೇ ತಾನೆ.

"ಟಗರು ಕೊಯ್ಯೋರಿಗೆ ಆ ಲೆಕ್ಕ. ನೀರು ಹೊಟ್ಟೀನೂ ಹೊರತದ. ಕಳೀದೆ ಹೇಳ್ರಿ."

ಈ ಸಲ ಅವನು ನಗಲಿಲ್ಲ.

"ಹೋದ ವರ್ಷ ದುಬಲಗುಂಡಿಗೆ ಹೆಣ್ಣು ನೋಡಾಕ ಹೋಗಿದ್ವಿ. ಕುರ್ಚಿ ಮುರಿತದಂತ ನನಗ ಕಟ್ಟಿ ಮ್ಯಾಲ ಕುಂದರಿಸಿದ್ರು. ಒಳಗ ಎಲ್ಲಾರೂ ನಕ್ಕರು. ನೀವೂ ನಗಬಾರದಂತ ಎಂಬತ್ತಂದೆ." ಉಸಿರು ಬಿಟ್ಟ. "ನೂರಾ ನಾಕು ಅದೀನ್ರಿ."

ಅವಳಿಗೆ ನಕ್ಕವರ ಮೇಲೆ ಸಿಟ್ಟೂ ಬಂತು, ಅವನ ಮೇಲೆ ಅಕ್ಕರೆಯೂ ಉಕ್ಕಿತು. ಅಲ್ಲೇ ಹಲಗೆ ಮಾರುವವರಿಗೆ ಫೋನ್ ಹಚ್ಚಿದಳು; ಹಲಗೆಯ ಗಾತ್ರ ಹೇಳುವುದು ಲೀಟರಿನಲ್ಲಿ. "ಇನ್ನೂರು ಲೀಟರಿಂದು, ಎಲ್ಲಾದಕ್ಕಿಂತ ಅಗಲಿದ್ದದ್ದು ಕಳಸ್ರಿ. ಹಾಯಿ ಎಂಟು ಚದರ ಮೀಟರ್. ತೂಕ ನೂರಾ ನಾಕು." ಆ ಅಂಕಿಯನ್ನು ಒಂದಿಷ್ಟೂ ದನಿ ತಗ್ಗಿಸದೆ ಹೇಳಿದಳು.

ಪಂಡರಿ ಅವಳನ್ನೇ ನೋಡುತ್ತಿದ್ದ. "ಇನ್ನೊಂದು ಖರೇ ಹೇಳ್ಲೇನ್ರಿ? ನಾ ಗಾಳಿ ಸಲುವಾಗಿ ಬರಾಕತ್ತಿಲ್ಲ. ನಿಮ್ಮ ಸಲುವಾಗಿ ಬರಾಕತ್ತೇನಿ."

ಅವಳು ಕಾಗದ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಹಲಗಿ ಬರಾಕ ತಿಂಗಳು ಬೇಕು. ಅಲ್ಲೀತನಕ ನೀವು ಬರೋದು ಬ್ಯಾಡ."

ಅವನ ಮುಖ ಇಳಿದುಹೋಯಿತು.

"ಬರೋ ಐತವಾರ ನಾನೇ ಮೋರಖಂಡಿಗೆ ಬರ್ತೀನಿ. ನಮ್ಮವ್ವಗ ಕರಕೊಂಡು."

"ಅವ್ವಗ? ಹೆಣ್ಣಿನ ಮನಿಗೆ ಗಂಡಿನವರು ಹೋಗೋದು ಪದ್ಧತಿ ಅಲ್ಲೇನ್ರಿ?"

"ನೀವು ಬಂದ್ರ ಮತ್ತ ಕಟ್ಟಿ ಮ್ಯಾಲ ಕುಂದರ್ತೀರಿ," ಎಂದಳು ರಾಜೇಶ್ವರಿ. "ಈ ಸಲ ನಾನು ನೋಡಾಕ ಬರ್ತೀನಿ. ನೀವು ಕುರ್ಚಿ ಮ್ಯಾಲ ಕುಂತಿರ್ರಿ."