ಯಾರಿಗೆ ಕೊಟ್ಟೆ?

ಜೂನ್ ತಿಂಗಳ ಒಂದು ಸೋಮವಾರ ಬೆಳಗ್ಗೆ ಹತ್ತೂವರೆಗೆ ಸಹನ ಎಂಬಾಕೆ ಕಾಲಿಗೆ ಚಪ್ಪಲಿಯೂ ಇಲ್ಲದೆ ಕೋಲಾರದ ಠಾಣೆಗೆ ಓಡಿಬಂದಳು. ಅವಳ ತಂದೆ ಶಿವಶಂಕರ್ ಕಾಣೆಯಾಗಿದ್ದರು. ಒಂದು ಕಾಲದಲ್ಲಿ ಶ್ರೀನಿವಾಸಪುರದ ವಕೀಲರು, ಆಮೇಲೆ ಒಂದು ಅವಧಿಗೆ ಶಾಸಕರು, ಕೊನೆಗೆ ಬೇರೆ ಜಿಲ್ಲೆಗಳಲ್ಲಿ ನ್ಯಾಯಾಧೀಶರು. ಈಗ ಎಂಬತ್ತು ದಾಟಿ, ಮಗಳ ಹೆಸರೂ ಮರೆತುಹೋಗಿತ್ತು.

"ಬೆಳಗಿನ ಇನ್ಸುಲಿನ್ ಆಗಿಲ್ಲ ಸಾರ್. ಸಂಜೆವರೆಗೂ ಸಿಗದಿದ್ರೆ ನಮ್ಮಪ್ಪ ಉಳಿಯಲ್ಲ."

ಇನ್ಸ್‌ಪೆಕ್ಟರ್ ಅಜ್ಮತುಲ್ಲಾ ದೂರು ಬರೆಸಿಕೊಳ್ಳುತ್ತಲೇ ಕೇಳಿದರು. "ಏನ್ ಹಾಕ್ಕೊಂಡಿದ್ರು?"

"ಕಪ್ಪು ಕೋಟು. ಕೋರ್ಟಿಗೆ ಹೋಗ್ಬೇಕು ಅಂತ ದಿನಾ ಹಾಕ್ಕೊಂಡು ಗೇಟಲ್ಲಿ ನಿಂತಿರ್ತಾರೆ."

"ಗೇಟಿಗೆ ಬೀಗ?"

"ನಾನೇ ಮರೆತೆ ಸಾರ್," ಎಂದು ಅವಳು ಅತ್ತುಬಿಟ್ಟಳು.

ಸಹನಳ ಮನೆ ಎದುರಿನ ಬೇಕರಿಯ ಕ್ಯಾಮೆರಾದಲ್ಲಿ ಎಲ್ಲವೂ ಸಿಕ್ಕಿತು. ಒಬ್ಬ ಮುದುಕಿ ಶಿವಶಂಕರ್ ಅವರ ಕೈ ಹಿಡಿದು ಆಟೋ ಹತ್ತಿಸುತ್ತಿದ್ದಳು. ಸಹನ ಗುರುತು ಹಿಡಿದಳು. "ಮುತ್ಯಾಲಮ್ಮ ಅಂತ, ಗೌನಿಪಲ್ಲಿಯವಳು. ಅಪ್ಪನ ಹತ್ರ ಮಾತಾಡ್ಬೇಕು ಅಂತ ಮೂರು ಸಲ ಬಂದಿದ್ಲು. ಅವ್ರಿಗೆ ಏನೂ ನೆನಪಿಲ್ಲ, ಹೋಗಮ್ಮ ಅಂತ ಕಳಿಸ್ಬಿಟ್ಟೆ."

ಮತಿ ಸ್ವಾಧೀನವಿಲ್ಲದವರನ್ನು ಪೋಷಕರ ಒಪ್ಪಿಗೆಯಿಲ್ಲದೆ ಕರೆದೊಯ್ದರೆ ಅದು ಅಪಹರಣ. ಎಫ್‌ಐಆರ್ ದಾಖಲಾಯಿತು. ಆಟೋ ಚಾಲಕ ಫರ್ದೀನ್ ಬಸ್ ನಿಲ್ದಾಣದಲ್ಲೇ ಸಿಕ್ಕಿದ.

"ಬಲವಂತ ಮಾಡಿದ್ಲಾ?"

"ಇಲ್ಲ ಸಾರ್. 'ಸಾಮಿ, ಕೋರ್ಟಿಗೆ ಟೈಮಾಯ್ತು' ಅಂದ್ಲು, ಅಷ್ಟೇ. ಅಜ್ಜ ತಾವೇ ಹತ್ತಿ ಕೂತ್ಕೊಂಡ್ರು. ಇಬ್ರೂ ಗೌನಿಪಲ್ಲಿ ಬಸ್ ಹತ್ತಿದ್ರು."

ಜೀಪು ಶ್ರೀನಿವಾಸಪುರ ದಾಟುವಾಗ ರಸ್ತೆ ತುಂಬ ಮಾವಿನ ಲಾರಿಗಳು. ಸೈರನ್ನಿಗೂ ಯಾರೂ ಜಗ್ಗಲಿಲ್ಲ. ಹಿಂದಿನ ಸೀಟಿನಲ್ಲಿ ಸಹನ ಇನ್ಸುಲಿನ್ ಡಬ್ಬಿಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಹೆಡ್ ಕಾನ್‌ಸ್ಟೆಬಲ್ ರಜನಿ ಗೌನಿಪಲ್ಲಿಗೆ ಫೋನ್ ಮಾಡಿ ವಿಚಾರಿಸಿದಳು.

"ಸಾರ್, ಅವಳ ಗಂಡ ಆವಲಪ್ಪ. ಕೊಲೆ ಕೇಸಲ್ಲಿ ಹದಿನಾಲ್ಕು ವರ್ಷ ಜೈಲಲ್ಲಿದ್ದು ಬಂದೋನು. ಈಗ ಸಾಯೋ ಸ್ಥಿತಿ. ಆ ಕೇಸಲ್ಲಿ ಅವನ ವಕೀಲರು ಇದೇ ಶಿವಶಂಕರ್."

"ಶಿಕ್ಷೆ ಕೊಟ್ಟ ಜಡ್ಜಲ್ಲ, ಉಳಿಸ್ಬೇಕಾಗಿದ್ದ ವಕೀಲರು," ಎಂದರು ಅಜ್ಮತುಲ್ಲಾ. ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಮಚ್ಚು, ವಿಷ, ಬಾವಿ ಎಲ್ಲವೂ ತಲೆಯಲ್ಲಿ ಸುಳಿದುಹೋದವು.

ಮಧ್ಯಾಹ್ನ ಒಂದೂವರೆಗೆ ಮುತ್ಯಾಲಮ್ಮನ ಶೀಟಿನ ಮನೆಯ ಬಾಗಿಲು ತಳ್ಳಿದಾಗ ಒಳಗೆ ಮಂಚದ ಮೇಲೆ ಆವಲಪ್ಪ ಮಲಗಿದ್ದ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಶಿವಶಂಕರ್ ಕೂತಿದ್ದರು. ಮುಖ ಬೆವೆತಿತ್ತು, ಕೋಟಿನ ಗುಂಡಿ ಬಿಚ್ಚಿರಲಿಲ್ಲ. ಸಹನ ಸೂಜಿ ಚುಚ್ಚಿದರೂ ಅವರು ತಿರುಗಿ ನೋಡಲಿಲ್ಲ.

"ನಡೀಮ್ಮ," ಎಂದು ರಜನಿ ಮುತ್ಯಾಲಮ್ಮನ ತೋಳು ಹಿಡಿದಳು.

"ಒಂದೇ ನಿಮಿಷ ತಾಯಿ. ನಿನ್ ಕಾಲಿಗೆ ಬೀಳ್ತೀನಿ. ಬೆಳಗ್ಗಿಂದ ನಮ್ಮೋರ ಬಾಯಿಂದ ಮಾತೇ ಬಂದಿಲ್ಲ."

"ಯಾವ ಮಾತು?" ಅಜ್ಮತುಲ್ಲಾ ಗದರಿದರು.

"ನಮ್ಮೋರ ಅಣ್ಣ ಜಗಳದಲ್ಲಿ ಪಕ್ಕದ ತೋಟದೋನ್ನ ಕಡಿದ, ಊರು ಬಿಟ್ಟೋದ. ನಮ್ಮೋರನ್ನ ಹಿಡಿದ್ರು. 'ಮಚ್ಚು ನಾನೇ ಕೊಟ್ಟಿನಿ ಸಾಮಿ' ಅಂದ್ರು ವಕೀಲರಿಗೆ. ಕೊಂಬೆ ಕಡಿಯೋಕೆ ಅಣ್ಣನ ಕೈಗೆ ಕೊಟ್ಟಿದ್ರು. ನಮ್ಮೋರು ಕನ್ನಡದಾಗೆ ಹೇಳಿದ್ರು ಸಾರ್, ವಕೀಲರು ತೆಲುಗಲ್ಲಿ ಕೇಳಿಸ್ಕೊಂಡ್ರು."

ಅಜ್ಮತುಲ್ಲಾಗೆ ಎರಡೂ ಭಾಷೆ ಗೊತ್ತಿತ್ತು. ತೆಲುಗಿನಲ್ಲಿ ಕೊಟ್ಟಿನಾ ಎಂದರೆ ಹೊಡೆದೆ; ಅವಸರದ ಕಿವಿಗೆ ಎರಡೂ ಒಂದೇ. ಉಳಿದದ್ದನ್ನು ಮುತ್ಯಾಲಮ್ಮನೇ ಹೇಳಿದಳು. ಆಗ ಎಪ್ಪತ್ತೆಂಟನೇ ಇಸವಿಯ ವಿಧಾನಸಭಾ ಚುನಾವಣೆ ಎದುರಿಗಿತ್ತು, ಶಿವಶಂಕರ್ ಅಭ್ಯರ್ಥಿ. ಮರುಪ್ರಶ್ನೆ ಕೇಳಲು ಪುರುಸೊತ್ತಿರಲಿಲ್ಲ. ನನ್ನ ಕಕ್ಷಿದಾರ ಹೊಡೆದದ್ದು ನಿಜ, ಸಿಟ್ಟಿನಲ್ಲಾಗಿದೆ, ಕನಿಕರ ತೋರಿ ಎಂದು ವಾದಿಸಿ ಪ್ರಚಾರದ ಜೀಪು ಹತ್ತಿದ್ದರು.

ಆವಲಪ್ಪ ಕಣ್ಣು ತೆರೆದ. ಕಪ್ಪು ಕೋಟು ಕಂಡಿರಬೇಕು, ತುಟಿ ಅಲ್ಲಾಡಿತು.

"ಮಚ್ಚು... ನಾನೇ ಕೊಟ್ಟಿನಿ ಸಾಮಿ."

ಶಿವಶಂಕರ್ ಮುಂದಕ್ಕೆ ಬಾಗಿದರು. ಈ ಹೊತ್ತು ಅವರಿಗೆ ಯಾವ ಚುನಾವಣೆಯೂ ಇರಲಿಲ್ಲ.

"ಯಾರಿಗೆ ಕೊಟ್ಟೆ?"

"ಅಣ್ಣನಿಗೆ."

"ಹಂಗಾದ್ರೆ ಹೊಡೆದಿದ್ದು ನೀನಲ್ಲ."

ಆವಲಪ್ಪ ಅಲ್ಲ ಎಂದು ತಲೆಯಾಡಿಸಿದ. ಮುತ್ಯಾಲಮ್ಮ ಸೆರಗಿನಿಂದ ಗಂಡನ ತುಟಿ ಒರೆಸಿದಳು.

ಪಂಚನಾಮೆ ಮುಗಿಯಿತು. ಎರಡೂ ಮುಕ್ಕಾಲಿಗೆ ಅವಳ ಬಂಧನವಾಯಿತು. ಗಂಡನಿಗೆ ಎರಡು ಚಮಚ ಗಂಜಿ ಕುಡಿಸಲು ರಜನಿ ಬಿಟ್ಟಳು, ಪಕ್ಕದ ಮನೆಯ ಅಂಜಮ್ಮ ನೋಡಿಕೊಳ್ಳುತ್ತೇನೆಂದಳು.

ಹೇಳಿಕೆಯಲ್ಲಿ ಕಾರಣ ಬರೆಯಬೇಕಿತ್ತು. "ಯಾಕಮ್ಮ ಮಾಡಿದೆ? ಅವ್ರಿಗೆ ನೆನಪೇ ಇಲ್ಲ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು ಸಾರ್. ನಮ್ಮೋರು ಕೊಲೆಗಾರ ಆಗಿ ಸಾಯೋದು ಬೇಡ ಅಂತ."

ಜೀಪಿನಲ್ಲಿ ಶಿವಶಂಕರ್ ಮುಂದೆ, ಮುತ್ಯಾಲಮ್ಮ ಹಿಂದೆ. ಮುದುಕರು ಇನ್ಸ್‌ಪೆಕ್ಟರ್ ಕಡೆ ತಿರುಗಿ, "ನಾಳೆ ಕೋರ್ಟಲ್ಲಿ ಹೇಳ್ತೀನಿ. ನನ್ನ ಕಕ್ಷಿದಾರ ಹೊಡೆದಿಲ್ಲ," ಎಂದರು.

ಶ್ರೀನಿವಾಸಪುರ ಬರುವಷ್ಟರಲ್ಲಿ ಅವರಿಗೆ ಆ ಮಾತೂ ಮರೆತಿತ್ತು. ಆದರೆ ಮುತ್ಯಾಲಮ್ಮ ಅದನ್ನು ಕೇಳಿಸಿಕೊಂಡಿದ್ದಳು.