ದುರ್ಗವ್ವನ ಹೇಳಿಕೆ

“ಮನಸ್ಸಲ್ಲೇ ಓದ್ಕೊಳ್ಳಿ. ಬಾಯಿಬಿಟ್ಟು ಮಾತ್ರ ಓದ್ಬೇಡಿ,” ಎಂದರು ಗಂಗಾಧರಯ್ಯ, ಬಟ್ಟೆಗಂಟಿನ ಮೇಲಿಂದ ಕೈ ತೆಗೆಯದೆ.

ಕಲ್ಮೇಶನಿಗೆ ನಗು ಬಂತು. ಬಾಗಲಕೋಟೆ ಕಡೆಯಿಂದ ಸಂಶೋಧನೆಗೆಂದು ಬೆಂಗಳೂರಿಗೆ ಬಂದು ಇನ್ನೂ ಎರಡು ತಿಂಗಳು. ಬ್ರಿಟಿಷರ ಆಶ್ರಯದಲ್ಲಿದ್ದ ಕರಿದುರ್ಗವೆಂಬ ಪುಟ್ಟ ಸಂಸ್ಥಾನದ ಕಾಗದಗಳು ಇಲ್ಲಿನ ವಿಜಯನಗರ ಬಡಾವಣೆಯ ಈ ಮನೆಯಲ್ಲಿವೆಯೆಂದು ತಿಳಿದು ಹುಡುಕಿಕೊಂಡು ಬಂದಿದ್ದ. ಗಂಗಾಧರಯ್ಯನವರ ತಾತ ಅಲ್ಲಿನ ಬ್ರಿಟಿಷ್ ಏಜೆಂಟ್ ಸಾಹೇಬನ ಗುಮಾಸ್ತರಾಗಿದ್ದವರು.

“ಓದಿದ್ರ ಏನಾಗ್ತದ್ರಿ ಸರ?”

“ದೊರೆ ಊರ ಹೆಣ್ಮಕ್ಕಳನ್ನ ಅರಮನೆಗೆ ಎಳ್ಕೊಂಡು ಹೋಗ್ತಿದ್ದ. ಮಗಳನ್ನ ಕಳ್ಕೊಂಡ ದುರ್ಗವ್ವ ಧೈರ್ಯ ಮಾಡಿ ಸಾಹೇಬನ ಮುಂದೆ ಹೇಳಿಕೆ ಕೊಟ್ಲು. ತಾತನೇ ಬರ್ಕೊಂಡ್ರು. ಸಾಹೇಬನ ಮೇಲಿನೋರು ‘ದೊರೆ ನಮ್ಮ ಮಿತ್ರ, ಅವನ ಸಮಜಾಯಿಷಿ ಕೇಳಿ’ ಅಂತ ಆ ಹೇಳಿಕೇನ ಅವನ ಕೈಗೇ ಕಳಿಸಿದ್ರು. ಅವನು ಮಾಟಗಾರನ್ನ ಕರೆಸಿ ಅವಳ ದನೀನ ಈ ಕಾಗದಕ್ಕೆ ಕಟ್ಟಿಸಿ, ತಾತನ ಕೈಗೇ ವಾಪಸ್ ಕಳಿಸ್ದ. ಸಾಯೋವರ್ಗೂ ಅವಳು ಮೂಕಿ.”

“ಸಾಹೇಬ ಏನ್ ಮಾಡಿದಾ?”

“ವರ್ಗ ಮಾಡಿಸ್ಕೊಂಡು ಹೋದ.”

ಮುದುಕರು ಮಾತ್ರೆ ತೆಗೆದುಕೊಳ್ಳಲು ಒಳಗೆ ಹೋದರು. ಕಲ್ಮೇಶ ಗಂಟು ಬಿಚ್ಚಿದ. ಅರಿಸಿನ ಮೆತ್ತಿದ ಕಾಗದ; ಕೊಳೆತ ನಿಂಬೆಯ, ಸುಟ್ಟ ಕೂದಲಿನ ನಾತ. ಹಳೆಯ ಮೋಡಿ ಲಿಪಿಯ ಕೂಡುಬರಹವನ್ನು ಬಾಯಿಬಿಟ್ಟೇ ಬಿಡಿಸುವುದು ಅವನ ರೂಢಿ. ಮಾಟವಂತೆ ಮಾಟ! ಬೇಕೆಂದೇ ದನಿಯೇರಿಸಿ ಓದಿದ.

“ಕರಿದುರ್ಗದ ದುರ್ಗವ್ವ ಮಾಡಿಕೊಳ್ಳುವ ಅರಿಕೆ...”

ಪಕ್ಕದ ಮನೆಯ ಕುಕ್ಕರ್ ಕೂಗುತ್ತಿದ್ದುದು ಅರ್ಧಕ್ಕೇ ನಿಂತಿತು. ಬೀದಿಯ ಸೊಪ್ಪಿನವಳ ಕೂಗೂ ಅಡಗಿತು. ಮೂರು ಗಂಟೆಯ ಬಿಸಿಲು ಕಿಟಕಿಯಾಚೆಗೇ ಉಳಿದು, ಕೋಣೆಯೊಳಗೆ ಕತ್ತಲು ತುಂಬಿತು. ನಿಲ್ಲಿಸಬೇಕೆಂದುಕೊಂಡ. ನಾಲಗೆ ನಿಲ್ಲಲಿಲ್ಲ. ಸಾಲು ಸಾಲಾಗಿ ಓದಿತು. ಕೊನೆಯ ಹೆಬ್ಬೆಟ್ಟಿನ ಗುರುತಿನವರೆಗೂ ಓದಿತು. ಗಂಟಲಲ್ಲಿ ಏನೋ ಕಿತ್ತಂತಾಯಿತು. ಏನೋ ಬಂದು ಕೂತಂತಾಯಿತು.

ಬಾಗಿಲಲ್ಲಿ ಗಂಗಾಧರಯ್ಯ ನಿಂತಿದ್ದರು. “ಓದಿಬಿಟ್ರಾ...”

ಕಲ್ಮೇಶ ಕಾಗದ ಹರಿಯಲು ಹೋದ. ತುದಿ ಸೀಳಿದ್ದೇ ತಡ, ಬಾಯಿಂದ ರಕ್ತ ಒಸರಿತು.

“ಹರೀಬೇಡಿ! ನಿಮ್ಮ ದನಿ ಈಗ ಅದರೊಳಗಿದೆ!”

ಜೇಬಿನ ಮೊಬೈಲು ಹೊಡೆದುಕೊಂಡಿತು. ಊರಿನಿಂದ ಅವ್ವ. ಹಸಿರು ಗುಂಡಿ ಒತ್ತಿದ.

“ಊಟ ಆತೇನಪಾ?”

ಅವ್ವಾ ಎನ್ನಲು ಬಾಯಿ ತೆರೆದ. ಹೊರಬಿದ್ದದ್ದು ಹೆಂಗಸಿನ ದನಿ. ಒಡೆದ, ಬಳಲಿದ ದನಿ.

“ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನ್ರಿ. ನನ್ನ ಮಗಳನ್ನ ಬಿಡಿಸಿಕೊಡ್ರಿ...”



“ಯಾರವ್ವಾ ನೀ? ನನ್ನ ಮಗ ಎಲ್ಲದಾನ?”

ಬಾಯಿ ಮುಚ್ಚಿಕೊಂಡ. ಬೆರಳ ಸಂದಿಯಿಂದಲೂ ಅಳು ಸೋರಿತು. ಆಗಲೇ ತೊಡೆಯ ಮೇಲಿನ ಕಾಗದ ಮಿಸುಕಿತು. ಅದರೊಳಗಿನಿಂದ, ಬಾವಿಯ ತಳದಿಂದ ಬಂದಂತೆ, ಅವನದೇ ದನಿ. “ಅವ್ವಾ, ಇಲ್ಲೇ ಅದೀನಿ.” ಫೋನನ್ನು ಕಾಗದಕ್ಕೆ ಒತ್ತಿ ಹಿಡಿದ. ಒತ್ತಿಯೇ ಹಿಡಿದ.

ಅವ್ವನಿಗೆ ಕೇಳಲಿಲ್ಲ. ಫೋನು ಕಟ್ಟಾಯಿತು.

ಕಾಗದ ಇನ್ನೂ ಕರೆಯುತ್ತಲೇ ಇತ್ತು.